ಕಲ್ಲಿದ್ದಲಿನ ಲೆಕ್ಕ, ಕಾಫಿಯ ಬಣ್ಣ

'ಸ್ಟೀಮ್ ಎಂಜಿನ್ ಬಂತು, ಹಾಯಿ ಹಡಗು ಮೂಲೆ ಸೇರಿತು' ಅಂತ ಒಂದೇ ಸಾಲಲ್ಲಿ ಮುಗಿಸುವವರನ್ನು ಕಂಡರೆ ನನಗೆ ಕಿರಿಕಿರಿ. ಅದು ಅಷ್ಟು ಸುಲಭಕ್ಕೆ ಆಗಿದ್ದಲ್ಲ. 1838ರಲ್ಲೇ ಸ್ಟೀಮರ್‌ಗಳು ಅಟ್ಲಾಂಟಿಕ್ ದಾಟಿದ್ದವು. ಆದರೂ ಚೀನಾದ ಚಹಾ, ನಮ್ಮ ಕಾಫಿ ಆಫ್ರಿಕಾ ಸುತ್ತಿಕೊಂಡು ಲಂಡನ್ ಸೇರುತ್ತಿದ್ದದ್ದು ಇನ್ನೂ ಮೂರು ದಶಕ ಹಾಯಿ ಹಡಗಲ್ಲೇ.

ಕಾರಣ ಕಲ್ಲಿದ್ದಲು. ಆಗಿನ ಎಂಜಿನ್‌ಗಳದ್ದು ಬಕಾಸುರನ ಹೊಟ್ಟೆ. ದೂರದ ಪ್ರಯಾಣಕ್ಕೆ ಬೇಕಾದಷ್ಟು ಕಲ್ಲಿದ್ದಲು ತುಂಬಿದರೆ ಸರಕಿಗೆ ಜಾಗ ಎಲ್ಲಿ? ಸರ್ಕಾರದ ದುಡ್ಡಲ್ಲಿ ಓಡುವ ಟಪಾಲು ಹಡಗಿಗೆ ಅದು ನಡೆಯುತ್ತಿತ್ತು, ವ್ಯಾಪಾರಿಗೆ ನಡೆಯುತ್ತಿರಲಿಲ್ಲ. ಗಾಳಿಗೆ ಯಾರೂ ಬಿಲ್ ಕೊಡಲ್ಲ ಅಲ್ವಾ? ತಮಾಷೆ ಅಂದ್ರೆ, ಸ್ಟೀಮರ್‌ಗಳಿಗೆ ಬೇಕಾದ ಕಲ್ಲಿದ್ದಲನ್ನು ದೂರದ ಬಂದರುಗಳಿಗೆ ತಂದು ಸುರಿಯುತ್ತಿದ್ದದ್ದೂ ಇದೇ ಹಾಯಿ ಹಡಗುಗಳು.

ಈ ಲೆಕ್ಕ ತಿರುಗಿಸಿದವನು ಲಿವರ್‌ಪೂಲ್‌ನ ಎಂಜಿನಿಯರ್ ಆಲ್ಫ್ರೆಡ್ ಹೋಲ್ಟ್. ಒಂದು ಸಿಲಿಂಡರ್‌ನಲ್ಲಿ ದುಡಿದ ಹಬೆಯನ್ನು ಹೊರಗೆ ಬಿಡದೆ, ಇನ್ನೊಂದಕ್ಕೆ ಕಳಿಸಿ ಮತ್ತೆ ದುಡಿಸುವ ಕಾಂಪೌಂಡ್ ಎಂಜಿನ್ ಆಗಲೇ ಇತ್ತು. ಇವನು ಹಬೆಯ ಒತ್ತಡ ಹೆಚ್ಚಿಸಿ ಅದನ್ನು ಚೀನಾ ದಾರಿಗೆ ಇಳಿಸಿದ. 1866ರಲ್ಲಿ ಹೊರಟ ಅವನ ಹಡಗು 'ಅಗಮೆಮ್ನಾನ್' ಮಾರಿಷಸ್‌ವರೆಗೆ, ಅಂದರೆ ಸುಮಾರು 8,500 ಮೈಲಿ, ಕಲ್ಲಿದ್ದಲಿಗೆಂದು ಎಲ್ಲೂ ನಿಲ್ಲಬೇಕಿರಲಿಲ್ಲ.

ಅದೇ ವರ್ಷ ಪ್ರಸಿದ್ಧ ಚಹಾ ರೇಸ್ ನಡೆಯಿತು. ಚೀನಾದ ಫೂಚೌನಿಂದ ಚಹಾ ಹೊತ್ತು ಹೊರಟ ಹಾಯಿ ಹಡಗುಗಳಾದ 'ಟೈಪಿಂಗ್', 'ಏರಿಯಲ್' 99 ದಿನ ಓಡಿ, ಬರೀ 28 ನಿಮಿಷದ ಅಂತರದಲ್ಲಿ ಲಂಡನ್ನಿನ ಡಾಕ್ ಗಳನ್ನು ಸೇರಿದವು. ಜನ ಇವತ್ತಿಗೂ ಅದನ್ನೇ ಕೊಂಡಾಡುತ್ತಾರೆ. ಅವುಗಳ ನಂತರ ಹೊರಟಿದ್ದ 'ಅರ್ಲ್ ಕಿಂಗ್' ಅನ್ನೋ ಎಂಜಿನ್ ಇದ್ದ ಹಡಗು ಎರಡು ವಾರ ಮೊದಲೇ ಬಂದು ಚಹಾ ಇಳಿಸಿತ್ತು. ಅದರ ಹೆಸರು ಯಾರಿಗೂ ಬೇಡ!

1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು. ಕಾಲುವೆಯಲ್ಲಿ ಹಾಯಿ ಹಡಗನ್ನು ಟಗ್ ದೋಣಿ ಕಟ್ಟಿ ಎಳೆಸಬೇಕು, ಕೆಂಪು ಸಮುದ್ರದ ಗಾಳಿಯೂ ಅದಕ್ಕೆ ಒಗ್ಗದು. ಹತ್ತಿರದ ದಾರಿ ಸ್ಟೀಮರ್ ಪಾಲಾಯಿತು.

ನಮ್ಮ ಕರಾವಳಿಗೆ ಇದರ ಬಿಸಿ ತಟ್ಟಿದ್ದು ಕಾಫಿಯಲ್ಲಿ. ಹಾಯಿ ಹಡಗಿನ ಕಾಲದಲ್ಲಿ ಬೀಜ ತಿಂಗಳುಗಟ್ಟಲೆ ಮರದ ಹಡಗಿನೊಳಗೆ ಸಮುದ್ರದ ತೇವ ಕುಡಿಯುತ್ತಿತ್ತು. ಹಸಿರಾಗಿ ಹೊರಟದ್ದು ಊದಿಕೊಂಡು, ಮಾಸಲು ಹಳದಿಯಾಗಿ, ಹುಳಿ ಕಳೆದುಕೊಂಡು ಯುರೋಪ್ ಸೇರುತ್ತಿತ್ತು. ಅಲ್ಲಿನವರಿಗೆ ಅದೇ ರುಚಿ ನಾಲಿಗೆಗೆ ಹತ್ತಿತು. ಸ್ಟೀಮರ್‌ನಲ್ಲಿ ಬೇಗ ಬಂದ ತಾಜಾ ಬೀಜ ಅವರಿಗೆ ಸಪ್ಪೆ ಅನ್ನಿಸಿತಂತೆ!

ಅದಕ್ಕೇ, ಆ ಹಳೇ ರುಚಿ ಮತ್ತೆ ತರೋಕೆ, ಕಾಫಿ ಬೀಜ ಹದ ಮಾಡುವ ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಮಳೆಗಾಲವನ್ನೇ ಕೆಲಸಕ್ಕೆ ಹಚ್ಚುತ್ತಾರೆ. ಜೂನ್‌ನಿಂದ ಗಾಳಿಯಾಡುವ ಗೋದಾಮಿನ ನೆಲದ ಮೇಲೆ ಬೀಜ ಹರಡಿ, ಆಗಾಗ ಕೆದಕುತ್ತಾರೆ. ಆಮೇಲೆ ಗೋಣಿಗೆ ಸಡಿಲವಾಗಿ ತುಂಬಿ, ನಡುವೆ ಗಾಳಿ ಓಡಾಡುವಂತೆ ಸಾಲಾಗಿ ಇಡುತ್ತಾರೆ. ಮತ್ತೆ ಸುರಿಯೋದು, ಮತ್ತೆ ತುಂಬೋದು. ಬೂಸ್ಟು ಹಿಡಿದರೆ ಇಡೀ ಶ್ರಮ ನೀರುಪಾಲು. ಇದೇ 'ಮಾನ್ಸೂನ್ಡ್ ಮಲಬಾರ್', 2008ರಲ್ಲಿ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಪಡೆದ ಕಾಫಿ.

ನನಗೇನೋ ಆ ರುಚಿ ಹಿಡಿಸಲಿಲ್ಲ, ಚಿಕೋರಿ ಬೆರೆಸಿದ ಫಿಲ್ಟರ್ ಕಾಫಿಯೇ ಸಾಕು. ಮಾನ್ಸೂನ್ಡ್ ಮಲಬಾರಿನ ಹೆಚ್ಚಿನ ಪಾಲು ಈಗಲೂ ಹೊರದೇಶಕ್ಕೇ ಹೋಗುತ್ತದೆ. ಇಲ್ಲಿ ತಿಂಗಳುಗಟ್ಟಲೆ ನಿಧಾನ ಮಾಡಿಸಿಕೊಂಡು, ಅಲ್ಲಿಗೆ ಕಂಟೇನರ್ ಹಡಗಲ್ಲಿ ಕೆಲವೇ ವಾರದಲ್ಲಿ!