ಲಂಡನ್ ಇರಲಿ, ಬ್ಯಾಂಕಾಕ್ ಕಡೆ ನೋಡೋಣ

ಸರ್ಕಾರಿ ಆರೋಗ್ಯ ಸೇವೆಯ ಮಾತು ಬಂದಾಗಲೆಲ್ಲ ನಮ್ಮವರಲ್ಲಿ ಎರಡು ಪಂಗಡ. ಒಬ್ಬರಿಗೆ ಬ್ರಿಟನ್ನಿನ ಎನ್‌ಎಚ್‌ಎಸ್ ಸ್ವರ್ಗ, ಇನ್ನೊಬ್ಬರಿಗೆ ಅಮೆರಿಕದ ಆಸ್ಪತ್ರೆಗಳೇ ಸರ್ವಸ್ವ. 1948ರಿಂದ ತೆರಿಗೆ ಹಣದಲ್ಲಿ ನಡೆಯುತ್ತಿರುವ ಎನ್‌ಎಚ್‌ಎಸ್‌ನಲ್ಲಿ ಮಂಡಿ ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಕಾಯಬೇಕು, ನಿಜ. ಆದರೆ ಬಿಲ್ಲಿಗೆ ಹೆದರಬೇಕಿಲ್ಲ. ಅಮೆರಿಕ ತನ್ನ ಜಿಡಿಪಿಯ ಸುಮಾರು ಶೇ 17ರಷ್ಟನ್ನು ಆರೋಗ್ಯಕ್ಕೆ ಸುರಿದೂ ಎರಡು ಕೋಟಿಗಿಂತ ಹೆಚ್ಚು ಜನರಿಗೆ ವಿಮೆಯೇ ಇಲ್ಲ. ಸರಿ, ಈ ಜಗಳದಿಂದ ನಮಗೇನು ಬಂತು? ಎರಡೂ ನಮಗಿಂತ ಎಷ್ಟೋ ಪಾಲು ಸಿರಿವಂತ ದೇಶಗಳು.

ನನ್ನ ಕಣ್ಣು ಥಾಯ್ಲೆಂಡಿನ ಮೇಲೆ. 2001ರಲ್ಲಿ 30 ಬಾತ್ (ಬಾತ್ ಅಂದರೆ ಅಲ್ಲಿನ ನಾಣ್ಯ) ಆರೋಗ್ಯ ಯೋಜನೆ ಶುರುವಾದಾಗ ಆ ದೇಶ 1997ರ ಆರ್ಥಿಕ ಕುಸಿತದಿಂದ ಇನ್ನೂ ಚೇತರಿಸಿಕೊಳ್ಳುತ್ತಿತ್ತು. ಸರ್ಕಾರಿ ನೌಕರರಿಗೂ ಕಂಪನಿ ನೌಕರರಿಗೂ ಬೇರೆ ವ್ಯವಸ್ಥೆ ಮೊದಲೇ ಇತ್ತು. ಉಳಿದವರು, ಅಂದರೆ ಗದ್ದೆಯಲ್ಲಿ ದುಡಿಯುವವರು, ತಳ್ಳುಗಾಡಿಯವರು, ಆಸ್ಪತ್ರೆಗೆ ಹೋದಾಗ ಕೊಡಬೇಕಾಗಿದ್ದದ್ದು 30 ಬಾತ್. ಅಂದಿನ ನಮ್ಮ ಲೆಕ್ಕದಲ್ಲಿ ಮೂವತ್ತು ಚಿಲ್ಲರೆ ರೂಪಾಯಿ. ವೈದ್ಯರ ತಪಾಸಣೆ, ಮಾತ್ರೆ, ಶಸ್ತ್ರಚಿಕಿತ್ಸೆ ಬಹುಪಾಲು ಅದರಲ್ಲೇ. ಹೊರರೋಗಿಗಳ ಚಿಕಿತ್ಸೆಗೆ ಸರ್ಕಾರ ಆಸ್ಪತ್ರೆಗಳಿಗೆ ತಲೆಗೆ ವರ್ಷಕ್ಕಿಷ್ಟು ಎಂದು ಹಣ ಕೊಡುತ್ತದೆ; ಬೇಡದ ಸ್ಕ್ಯಾನ್ ಬರೆದರೆ ನಷ್ಟ ಆಸ್ಪತ್ರೆಗೇ. ಕೊರತೆಗಳೂ ಇದ್ದವು: 2008ರವರೆಗೆ ಡಯಾಲಿಸಿಸ್ ಯೋಜನೆಯ ಹೊರಗಿತ್ತು. ಆದರೆ ಬುನಾದಿ ಗಟ್ಟಿಯಾಗಿತ್ತು. 1980ರ ದಶಕದಲ್ಲೇ ಕೆಲವು ವರ್ಷ ದೊಡ್ಡ ಊರುಗಳ ಆಸ್ಪತ್ರೆ ಕಟ್ಟಡಗಳಿಗೆ ಹಣ ತಡೆಹಿಡಿದು, ನಮ್ಮ ತಾಲ್ಲೂಕು ಆಸ್ಪತ್ರೆಗಳಂಥವನ್ನು ಕಟ್ಟಿದ್ದರು. ಹೊಸದಾಗಿ ಓದು ಮುಗಿಸಿದ ವೈದ್ಯರಿಗೆ ಸರ್ಕಾರಿ ಸೇವೆ ಕಡ್ಡಾಯವಾಗಿತ್ತು. (ಇಲ್ಲಿ ಅದೇ ಮಾತೆತ್ತಿದರೆ ಮುಷ್ಕರ!)

ನಮ್ಮ ಆಯುಷ್ಮಾನ್ ಕಾರ್ಡಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಇದೆ, ಆಸ್ಪತ್ರೆಗೆ ದಾಖಲಾದರೆ. ಬಿಪಿ ಮಾತ್ರೆಗೆ ಯಾರು ದಾಖಲಾಗುತ್ತಾರೆ? ಸಂಜೆ ಹೊತ್ತು ಯಾವುದಾದರೂ ಮೆಡಿಕಲ್ ಶಾಪಿನ ಮುಂದೆ ನಿಂತು ನೋಡಿ. ತಿಂಗಳ ಮಾತ್ರೆಯ ಚೀಟಿ ಹಿಡಿದವರು "ಸದ್ಯಕ್ಕೆ ಐದು ದಿನದ್ದು ಕೊಡಿ" ಎನ್ನುತ್ತಾರೆ. ಅಂಗಡಿಯವನು ಏನನ್ನೂ ಕೇಳದೆ ಕತ್ತರಿ ತೆಗೆದು ಸ್ಟ್ರಿಪ್ ಕತ್ತರಿಸುತ್ತಾನೆ, ಅಷ್ಟು ರೂಢಿ. 2021-22ರ ಲೆಕ್ಕದಂತೆ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39ರಷ್ಟು ಜನರ ಜೇಬಿನಿಂದಲೇ ಹೋಗಿದೆ. ಥಾಯ್ಲೆಂಡಿನಲ್ಲಿ ಅದು ಶೇ 10ರ ಆಸುಪಾಸು.

ಹಾಗಾಗಿ ಕಾರ್ಡಿನ ಮೊತ್ತವನ್ನು 10 ಲಕ್ಷಕ್ಕೆ ಏರಿಸುತ್ತೇವೆ ಎಂದು ನಾಳೆ ಯಾರಾದರೂ ಘೋಷಿಸಿದರೆ ನಾನು ಚಪ್ಪಾಳೆ ತಟ್ಟಲಾರೆ. ಮೊದಲು ಹೊರರೋಗಿಗಳ ಚಿಕಿತ್ಸೆ, ದಿನದ ಮಾತ್ರೆ ಅದರೊಳಗೆ ಬರಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಲ್ಲವೂ ಉಚಿತವಾಗಿ ಸಿಗುತ್ತದಲ್ಲ ಎನ್ನುವವರು, ಸ್ಟಾಕ್ ಬಂದಿದೆಯೇ ಎಂದು ಅಲ್ಲೇ ಒಮ್ಮೆ ವಿಚಾರಿಸಿಕೊಂಡು ಬಂದು ವಾದಕ್ಕೆ ಕೂರಲಿ.