ಗ್ಯಾಲ್ವೆಸ್ಟನ್ ಮಂಜು ನುಂಗಿದ ಮಧ್ಯಾಹ್ನದ ಊಟ

ಕ್ರೂಸ್ ಅಂದ ಕೂಡಲೇ ನಮ್ಮ ಜನ ಹಡಗು ಎಷ್ಟು ದೊಡ್ಡದು, ಎಷ್ಟು ಮಹಡಿ ಅಂತೆಲ್ಲ ಕೇಳುವುದಿಲ್ಲ. ಊಟ ಟಿಕೆಟ್‌ನಲ್ಲೇ ಸೇರಿದೆಯಾ ಅಂತ ಕೇಳುತ್ತಾರೆ. ಸೇರಿದೆ. ಹತ್ತಿದ ಗಳಿಗೆಯಿಂದ ಇಳಿಯುವ ದಿನದ ತಿಂಡಿವರೆಗೆ ಎಷ್ಟು ಬೇಕಾದರೂ ತಿನ್ನಬಹುದು. ಇದು ಗೊತ್ತಾದ ಮೇಲೆ, ಮೈಸೂರಿನಿಂದ ಹೂಸ್ಟನ್‌ಗೆ ನಮ್ಮನ್ನು ನೋಡಲು ಬಂದಿದ್ದ ಅಪ್ಪ ಹೊರಡುವ ದಿನ ಬೆಳಿಗ್ಗೆ ತಿಂಡಿಯನ್ನೇ ಮುಟ್ಟಲಿಲ್ಲ. "ಹನ್ನೆರಡಕ್ಕೆ ಹಡಗಲ್ಲಿ ಊಟ ಅಲ್ವಾ? ದುಡ್ಡು ಕೊಟ್ಟಿದೀವಿ, ಹೊಟ್ಟೆ ಖಾಲಿ ಇರಲಿ" ಅಂದರು. ಅಮ್ಮ ಮಾಡಿದ್ದ ಉಪ್ಪಿಟ್ಟು ಫ್ರಿಜ್ ಸೇರಿತು.

ಹೂಸ್ಟನ್‌ನಿಂದ ಗ್ಯಾಲ್ವೆಸ್ಟನ್ ಬಂದರಿಗೆ ಹತ್ತಿರ ಹತ್ತಿರ 80 ಕಿಲೋಮೀಟರ್. ಐ-45 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋಗುತ್ತಿದ್ದರೆ ಕೊನೆಗೆ ಉದ್ದದ ಸೇತುವೆ ದಾಟಿ ದ್ವೀಪ. ಸೇತುವೆ ಹತ್ತಿರ ಬರುವಷ್ಟರಲ್ಲಿ ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. "ಆಹಾ, ಮಡಿಕೇರಿ ಥರಾನೇ ಇದೆ" ಅಂತ ಅಪ್ಪ ಕಿಟಕಿ ಇಳಿಸಿದರು. ಅದೇ ಹೊತ್ತಿಗೆ ನನ್ನ ಫೋನಿಗೆ ಮೆಸೇಜ್. ಮಂಜಿನಿಂದಾಗಿ ಹಡಗು ಇನ್ನೂ ಬಂದರಿಗೆ ಬಂದಿಲ್ಲ, ದಯವಿಟ್ಟು ತಡವಾಗಿ ಬನ್ನಿ.

ಸೇತುವೆ ಮಧ್ಯೆ ನಿಂತವನಿಗೆ ತಡವಾಗಿ ಬಾ ಅಂದರೆ ಏನು ಮಾಡಬೇಕು?

ಚಳಿಗಾಲದಲ್ಲಿ ಇಲ್ಲಿ ಇದು ಮಾಮೂಲು. ಮೆಕ್ಸಿಕೋ ಕೊಲ್ಲಿಯ ಬೆಚ್ಚನೆಯ ತೇವದ ಗಾಳಿ ದಡದ ಹತ್ತಿರದ ತಣ್ಣನೆ ನೀರಿನ ಮೇಲೆ ಬಂದಾಗ ಮಂಜು ಕಟ್ಟುತ್ತದೆ. ಕಟ್ಟಿದರೆ ಕೆಲವು ಸಲ ದಿನಗಟ್ಟಲೆ ಬಿಡುವುದಿಲ್ಲ. ಹಡಗನ್ನು ಕಾಲುವೆಯೊಳಗೆ ತರುವಾಗ ಆ ಬಂದರಿನ ಪೈಲಟ್ ಒಬ್ಬ ಚಿಕ್ಕ ದೋಣಿಯಲ್ಲಿ ಹೋಗಿ ಹಡಗು ಹತ್ತಿ ಕ್ಯಾಪ್ಟನ್‌ಗೆ ದಾರಿ ಹೇಳಬೇಕು. ಮಂಜು ಜಾಸ್ತಿಯಾದರೆ ಪೈಲಟ್‌ಗಳು ಹೋಗುವುದಿಲ್ಲ. ಹೋಗಬಾರದು ಕೂಡ, ಅದು ಸರಿಯೇ. ಆದರೆ ಸರಿಯಾದ ಕಾರಣದಿಂದ ಹೊಟ್ಟೆ ತುಂಬುವುದಿಲ್ಲ ನೋಡಿ.

ಟರ್ಮಿನಲ್ ಮುಂದೆ ಹಡಗು ಇರಬೇಕಾದ ಜಾಗದಲ್ಲಿ ಬರೀ ಬಿಳಿ. ಆದರೂ ಪೋರ್ಟರ್ ಬಂದು ಸೂಟ್‌ಕೇಸ್‌ಗಳನ್ನು ಎಳೆದುಕೊಂಡು ಹೋದ. ಟ್ಯಾಗ್ ಇದೆಯಾ ಅಂತ ನೋಡಿದ, ಟಿಪ್ಸ್‌ಗಾಗಿ ನಿಂತ. "ಹಡಗೇ ಇಲ್ಲ, ಟಿಪ್ಸ್ ಯಾತಕ್ಕೆ?" ಅಂತ ಅಪ್ಪ ಕನ್ನಡದಲ್ಲೇ ಕೇಳಿದರು. ಅವನು ನಕ್ಕ, ನಾನು ಕೊಟ್ಟೆ. ಅವನು ಮರೆಯಾದ ಮೇಲೆ ಅಮ್ಮ ಹೇಳಿದರು, ಕೋಡುಬಳೆ ಡಬ್ಬ ಸೂಟ್‌ಕೇಸಿನಲ್ಲೇ ಇತ್ತು.

ಹನ್ನೊಂದಾಯಿತು, ಹನ್ನೆರಡಾಯಿತು. ಒಂದು ಗಂಟೆ ಹೊತ್ತಿಗೆ ಮಂಜು ಸ್ವಲ್ಪ ಎದ್ದು, ಹದಿನೈದು ಮಹಡಿಯ ಅಪಾರ್ಟ್‌ಮೆಂಟ್ ಒಂದು ನಿಧಾನವಾಗಿ ನಡೆದು ಬಂದ ಹಾಗೆ ಹಡಗು ಕಾಣಿಸಿತು. ಎಲ್ಲರೂ ಚಪ್ಪಾಳೆ ಹೊಡೆದರು. ಅಪ್ಪ ಬ್ಯಾಗ್ ಹೆಗಲಿಗೇರಿಸಿ ನಿಂತೇಬಿಟ್ಟರು. ಹಡಗು ಬಂತು ಅಂದರೆ ಹತ್ತಬಹುದು ಅಂತ ಅರ್ಥ ಅಲ್ಲ ಅಂತ ನಾನು ಅವರಿಗೆ ಹೇಗೆ ಹೇಳಲಿ? ಒಳಗಿರುವ ಸಾವಿರಾರು ಜನ ಮೊದಲು ಇಳಿಯಬೇಕು, ಒಬ್ಬೊಬ್ಬರೂ ಕಸ್ಟಮ್ಸ್ ದಾಟಬೇಕು. ಕೊನೆಯ ಹಳೇ ಪ್ರಯಾಣಿಕ ಇಳಿದು ಲೆಕ್ಕ ಸೊನ್ನೆಗೆ ಬರುವವರೆಗೆ ಹೊಸಬರನ್ನು ಬಿಡುವುದಿಲ್ಲ. ಸಾಮಾನ್ಯವಾಗಿ ಯಾರೋ ಒಬ್ಬಿಬ್ಬರು ಸಿಗುವುದೇ ಇಲ್ಲ. ಅವರ ಹೆಸರನ್ನು ಹಡಗಿನ ಮೈಕ್‌ನಲ್ಲಿ ಕೂಗುತ್ತಲೇ ಇರುತ್ತಾರೆ, ಅವರು ಎಲ್ಲೋ ಹಾಯಾಗಿ ಕಾಫಿ ಕುಡಿಯುತ್ತಿರುತ್ತಾರೆ.

ಇಳಿದು ಬಂದವರ ಮುಖ ನೋಡಬೇಕಿತ್ತು. ವಿಮಾನ ತಪ್ಪಿಸಿಕೊಂಡವರು, ಫೋನಿನಲ್ಲಿ ಜಗಳ ಆಡುತ್ತಿದ್ದವರು, ಅಳುವ ಮಕ್ಕಳು. ಅಪ್ಪನ ಕಣ್ಣಿಗೆ ಬಿದ್ದದ್ದು ಬೇರೆ. "ಇವರಿಗೆ ಇವತ್ತು ಬೆಳಿಗ್ಗೆ ಎಕ್ಸ್‌ಟ್ರಾ ತಿಂಡಿ ಕೊಟ್ಟಿದಾರೆ ಅನ್ಸುತ್ತೆ. ನಮ್ಮ ಊಟ ಹೋಯ್ತು, ಅವರಿಗೆ ಸಿಕ್ತು." ಆಮೇಲೆ ಒಂದು ದಿನದ ಟಿಕೆಟ್ ದರವನ್ನು ಮೂರು ಹೊತ್ತಿಗೆ ಭಾಗಿಸಿ, ಡಾಲರನ್ನು ರೂಪಾಯಿ ಮಾಡಿ, ಒಂದು ಊಟದ ನಷ್ಟ ಎಷ್ಟು ಅಂತ ಪಕ್ಕದಲ್ಲಿದ್ದ ಗುಜರಾತಿ ಅಂಕಲ್‌ಗೆ ವಿವರಿಸಿದರು. ಅಂಕಲ್ ತಕ್ಷಣ ಒಪ್ಪಿದರು, ಅವರೂ ಬೆಳಿಗ್ಗೆ ಏನೂ ತಿಂದಿರಲಿಲ್ಲ.

ಅಂತೂ ನಮ್ಮ ಸರದಿ ಬಂತು. ನಮ್ಮ ಹಡಗು ಹೋಗುವುದು ಮೆಕ್ಸಿಕೋಗೆ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಅಲ್ಲಿಗೆ ಬೇರೆ ವೀಸಾ ಬೇಡ. ಆದರೂ ಅಪ್ಪ ಪ್ಲಾಸ್ಟಿಕ್ ಫೈಲ್ ತೆಗೆದು ಪಾಸ್‌ಪೋರ್ಟ್, ಇನ್ಶೂರೆನ್ಸ್, ಪೆನ್ಷನ್ ಪತ್ರ ಎಲ್ಲವನ್ನೂ ಕೌಂಟರ್ ಮೇಲೆ ಹರಡಿದರು. ಹುಡುಗಿ ಪಾಸ್‌ಪೋರ್ಟ್ ನೋಡಿ ಫೋಟೋ ತೆಗೆದಳು. ಹಸಿವಿನಲ್ಲಿ ತೆಗೆದ ಆ ಫೋಟೋ ಹಡಗಿಂದ ಹೊರಗೆ ಹೋಗಿ ಬರುವಾಗಲೆಲ್ಲ ಸ್ಕ್ರೀನ್ ಮೇಲೆ ಬರುತ್ತದೆ. ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲೂ ಬಂತು.

ಒಳಗೆ ಕಾಲಿಟ್ಟಾಗ ಸಂಜೆ ಐದು. ಬಫೆ ಕಡೆ ಓಡಿದೆವು. ಮುಚ್ಚುತ್ತಿದ್ದರು, ಮಸ್ಟರ್ ಡ್ರಿಲ್‌ಗೆ, ಅಂದರೆ ಅಪಾಯ ಬಂದರೆ ಎಲ್ಲಿ ಸೇರಬೇಕು, ಏನು ಮಾಡಬೇಕು ಅಂತ ಹೇಳಿಕೊಡುವ ಅಭ್ಯಾಸಕ್ಕೆ ಹೋಗಿ ಅಂದರು. ಹಡಗು ಹೊರಡುವ ಮೊದಲೇ ಇದು ಆಗಲೇಬೇಕು. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಅನ್ನುವ ಕ್ರೂಸ್ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಆ ಸಂಜೆ ಹತ್ತಿದವರಿಗೆ ಡ್ರಿಲ್ಲೇ ಆಗಿರಲಿಲ್ಲ. ನಿಯಮ ಬಿಗಿಯಾದದ್ದು ಆಮೇಲೆ. ಇದನ್ನು ಅಪ್ಪನಿಗೆ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, ಏಳು ಚಿಕ್ಕ ಸೈರನ್, ಒಂದು ಉದ್ದ ಸೈರನ್ ಎಣಿಸಿ, ಲೈಫ್ ಜಾಕೆಟ್ ಕಟ್ಟುವುದನ್ನು ನೋಡಿ, "ಪಿಜ್ಜಾ ಎಲ್ಲಿ ಸಿಗುತ್ತೆ ಕೇಳು" ಅಂದರು.

ಪಿಜ್ಜಾ ಸಿಕ್ಕಿತು. ಸೂಟ್‌ಕೇಸ್ ಸಿಗಲಿಲ್ಲ. ಮೂರರಲ್ಲಿ ಎರಡು ರೂಮಿನ ಬಾಗಿಲಿಗೆ ಬಂದಿದ್ದವು, ಅಮ್ಮನದು ಮಾತ್ರ ಕೆಳಗೆ ಸೆಕ್ಯೂರಿಟಿ ರೂಮಿನಲ್ಲಿ. ಬೆಂಕಿಯ ಭಯಕ್ಕೆ ಇಸ್ತ್ರಿ ಪೆಟ್ಟಿಗೆ, ಕೆಟಲ್, ಬಿಸಿ ಮಾಡುವ ಯಾವುದನ್ನೂ ಬಿಡುವುದಿಲ್ಲ. ಅಮ್ಮ ಪುಟ್ಟ ರೈಸ್ ಕುಕ್ಕರ್ ಇಟ್ಟಿದ್ದರು. ಆ ರೂಮಿನ ಕ್ಯೂ ನೋಡಿದರೆ ಭಾರತೀಯ ಅಂಗಡಿಗೆ ಬಂದ ಹಾಗಿತ್ತು. ಮುಂದಿದ್ದ ತೆಲುಗು ಆಂಟಿಯ ಕೈಯಲ್ಲಿ ಕೆಟಲ್, ಅವರ ಹಿಂದಿನವರದು ಇಂಡಕ್ಷನ್ ಸ್ಟೌವ್. ಕುಕ್ಕರ್ ವಶವಾಯಿತು, ಕೊನೇ ದಿನ ವಾಪಸ್ ಅಂತ ಚೀಟಿ ಕೊಟ್ಟರು. ಕೋಡುಬಳೆ ಡಬ್ಬವನ್ನು ಗಾರ್ಡ್ ತೆರೆದು ಮೂಸಿ ನೋಡಿ, ಏನಿದು ಅಂತ ಕೇಳಿ, ಹೋಗಲಿ ಅಂತ ಬಿಟ್ಟ. ಅಮ್ಮ ಅವನಿಗೂ ಎರಡು ಕೊಟ್ಟು ಬಂದರು.

ರಾತ್ರಿ ಎಂಟಕ್ಕೆ ಕ್ಯಾಪ್ಟನ್ ಮೈಕ್ ಹಿಡಿದ. ಮಂಜು ಮತ್ತೆ ಇಳಿದಿದೆ, ಕಾಲುವೆ ಮುಚ್ಚಿದೆ, ಬೆಳಿಗ್ಗೆವರೆಗೆ ಇಲ್ಲೇ ಇರುತ್ತೇವೆ. ಬಾಲ್ಕನಿ ರೂಮಿಗೆ ಜಾಸ್ತಿ ದುಡ್ಡು ಕೊಟ್ಟಿದ್ದೆವು. ಹೊರಗೆ ಸಮುದ್ರದ ಬದಲು ಪಾರ್ಕಿಂಗ್ ಲಾಟಿನ ಮಸುಕು ದೀಪಗಳು. ಅಪ್ಪ ಕಂಬಿಗೆ ಒರಗಿ, ಕೋಡುಬಳೆ ಕಡಿಯುತ್ತಾ, ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದರು.

"ಅದು ನಮ್ಮ ಕಾರೇ ಅಲ್ವೇನೋ? ದಿನಕ್ಕೆ ಪಾರ್ಕಿಂಗ್ ಎಷ್ಟು ಅಂದೆ?"