ಕಪ್ಪು ಸ್ಟ್ರಾಂಗ್ ಬಿಯರ್‌ಗೆ ಏಳೂಕಾಲು ಸಾಕು

"ಏಳು ಪಾಯಿಂಟ್ ಒಂದಾ? ಅಷ್ಟೇನಾ? ಇದಕ್ಕೆ ಇಷ್ಟು ದೂರ ಬೆಟ್ಟ ಹತ್ತಿಸಿದ್ಯೇನೋ? ಹಾಸನದಲ್ಲೇ ಎಂಟು ಸಿಗುತ್ತಲ್ಲೋ!"

ಇದು ನಮ್ಮ ಭಾವನ ಮಾತು. ಕಳೆದ ಮಾರ್ಚ್‌ನಲ್ಲಿ ಅಕ್ಕನ ಜೊತೆ ಮ್ಯೂನಿಕ್‌ಗೆ ಬಂದಿದ್ದರು. ವಾರದ ನಡುವೆ ಒಂದು ರಜೆ ಹಾಕಿ, ಎಸ್-8 ರೈಲು ಹಿಡಿದು ಹೆರ್ಶಿಂಗ್‌ಗೆ ಹೋಗಿ, ಅಲ್ಲಿಂದ ಕಾಡಿನ ದಾರಿಯಲ್ಲಿ ಆಂಡೆಕ್ಸ್ ಬೆಟ್ಟ ಹತ್ತಿಸಿದ್ದೆ. ಮೇಲೆ 1455ರಲ್ಲಿ ಶುರುವಾದ ಬೆನೆಡಿಕ್ಟೈನ್ ಮಠ. ಮಠಕ್ಕೆ ತನ್ನದೇ ಬಿಯರ್ ಕಾರ್ಖಾನೆ ಇದೆ. ಅಲ್ಲಿನ ಡಾಪಲ್‌ಬಾಕ್ ಅನ್ನೋ ಕಪ್ಪು ಸ್ಟ್ರಾಂಗ್ ಬಿಯರ್ ಕುಡಿಸಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಭಾವ ಗ್ಲಾಸ್ ಮುಟ್ಟುವ ಮೊದಲೇ ಆಲ್ಕೋಹಾಲ್ ಪರ್ಸೆಂಟ್ ಎಷ್ಟು ಅಂತ ನೋಡಿದರು.

ದೊಡ್ಡವರು, ನಕ್ಕು ಸುಮ್ಮನಾದೆ. ಆದರೆ ಮಾತು ಚುಚ್ಚಿತು. ಅಲ್ಲಿ ಬಾಯಿ ಬಿಡದೇ ಉಳಿದಿದ್ದನ್ನು ಇಲ್ಲಿ ಬರೆದು ಮುಗಿಸುತ್ತೇನೆ.

ನಮ್ಮೂರಿನ ಬಾರಲ್ಲಿ ಸಪ್ಲೈಯರ್ ಕೇಳೋದು ಎರಡೇ ಪ್ರಶ್ನೆ. ಸ್ಟ್ರಾಂಗಾ, ಮೈಲ್ಡಾ? ಕೂಲಿಂಗಾ, ನಾರ್ಮಲ್ಲಾ? ಬಣ್ಣದ ಬಗ್ಗೆ ಯಾರೂ ಕೇಳಲ್ಲ. ಸ್ಟ್ರಾಂಗ್ ಅಂದರೂ ಬರೋದು ಅದೇ ಹಳದಿ ಬಿಯರ್, ಸ್ವಲ್ಪ ಜಾಸ್ತಿ ಏರುತ್ತೆ ಅಷ್ಟೇ. ದೇಶದ ಆಹಾರ ಸುರಕ್ಷತೆಯ ನಿಯಮದ ಪ್ರಕಾರ 5% ದಾಟಿ 8%ವರೆಗೆ ಇದ್ದರೆ ಅದು ಸ್ಟ್ರಾಂಗ್ ಬಿಯರ್. ಅದಕ್ಕೇ ಲೇಬಲ್ ಮೇಲೆ "8% ಮೀರುವುದಿಲ್ಲ" ಅನ್ನುವ ಧಾಟಿಯ ಸಾಲು. ನಮ್ಮ ಜನ ಅದನ್ನು ಎಚ್ಚರಿಕೆ ಅಂತ ಓದಲ್ಲ, ಗ್ಯಾರಂಟಿ ಅಂತ ಓದುತ್ತಾರೆ. ಕುಡಿದವನನ್ನು ಯಾರಾದರೂ ಕೇಳಿದರೂ "ಹೆಂಗಿತ್ತು?" ಅಂತ ಕೇಳಲ್ಲ. "ಏರ್ತಾ?" ಅಂತ ಕೇಳುತ್ತಾರೆ.

ಆ 8% ಬರೋದು ಹೇಗೆ? ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆಗೆ ಅಕ್ಕಿ, ಮೆಕ್ಕೆಜೋಳ, ಸಕ್ಕರೆ ಹೀಗೆ ಏನಾದರೂ ಸೇರಿರುತ್ತೆ. ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದು ಮುಗಿಸುತ್ತೆ. ಆಲ್ಕೋಹಾಲ್ ಏರುತ್ತೆ, ಹಿಂದೆ ರುಚಿ ಉಳಿಯಲ್ಲ. ಎಂಟರ ಖಾರ ಮುಚ್ಚೋಕೆ ಅದನ್ನು ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಕೊಡಬೇಕು. ಬಿಸಿಲಲ್ಲಿ ಸ್ವಲ್ಪ ಹೊತ್ತು ಟೇಬಲ್ ಮೇಲೆ ಬಿಟ್ಟು ಕುಡಿದು ನೋಡಿ, ಆಗ ನಿಜ ಬಣ್ಣ ಗೊತ್ತಾಗುತ್ತೆ.

ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಈ ಅಡ್ಡದಾರಿ ಇಲ್ಲ. 1516ರಲ್ಲಿ ಇಲ್ಲಿನ ದೊರೆಗಳು ಬಿಯರ್‌ಗೆ ಬಾರ್ಲಿ, ಕಹಿ ಕೊಡುವ ಹಾಪ್ಸ್ ಹೂವು, ನೀರು ಬಿಟ್ಟು ಬೇರೇನೂ ಹಾಕಬಾರದು ಅಂತ ಕಟ್ಟಳೆ ಮಾಡಿದರು. ಆಮೇಲೆ ಅದು ಎಷ್ಟೋ ಸಲ ತಿದ್ದುಪಡಿ ಆಗಿದೆ. ಆದರೂ ಡಾಪಲ್‌ಬಾಕ್‌ನಂಥ, ತಣ್ಣಗೆ ಹುದುಗಿಸುವ ಲಾಗರ್ ಬಿಯರ್‌ಗೆ ಇಂದಿಗೂ ಸಕ್ಕರೆ ಹಾಕುವಂತಿಲ್ಲ. ಆಲ್ಕೋಹಾಲ್ ಜಾಸ್ತಿ ಬೇಕಾ? ಮಾಲ್ಟ್ ಜಾಸ್ತಿ ಹಾಕಿ. ಮಾಲ್ಟ್ ಜಾಸ್ತಿ ಆದರೆ ಯೀಸ್ಟ್ ತಿನ್ನಲಾಗದ ಸಿಹಿ, ಬಾಯಿ ತುಂಬುವ ಗಟ್ಟಿ ಮೈ, ಸುಟ್ಟ ಬ್ರೆಡ್ಡಿನ ತೊಗಟೆಯ ವಾಸನೆ ಎಲ್ಲ ಜೊತೆಗೇ ಬರುತ್ತೆ. ಅದಕ್ಕೇ ಇಲ್ಲಿ ಸ್ಟ್ರಾಂಗ್ ಅಂತ ಕರೆಯೋದೂ ಆಲ್ಕೋಹಾಲ್ ಅಳೆದಲ್ಲ. ಹುದುಗು ಬರುವ ಮೊದಲು ಆ ಮಾಲ್ಟ್ ನೀರಿನಲ್ಲಿ ನೂರು ಗ್ರಾಂಗೆ ಎಷ್ಟು ಗ್ರಾಂ ಸಾರ ಕರಗಿದೆ ಅಂತ ನೋಡುತ್ತಾರೆ. 16 ಇದ್ದರೆ ಬಾಕ್, 18 ದಾಟಿದರೆ ಡಾಪಲ್‌ಬಾಕ್. ತೆರಿಗೆಯೂ ಈ ಲೆಕ್ಕದಲ್ಲೇ: ನೂರು ಲೀಟರಿಗೆ, ಸಾರದ ಒಂದೊಂದು ಡಿಗ್ರಿಗೆ (ಅಂದರೆ ಆ ಒಂದೊಂದು ಗ್ರಾಂಗೆ) 0.787 ಯೂರೋ. 18 ಡಿಗ್ರಿಯ ಅರ್ಧ ಲೀಟರ್ ಬಿಯರ್ ಮೇಲೆ ಹೆಚ್ಚೂಕಡಿಮೆ ಏಳು ಸೆಂಟ್ ಆಯಿತು. ಕರ್ನಾಟಕದಲ್ಲಿ ಬಾಟಲಿ ಕೊಂಡವರು ಇದನ್ನು ಓದಿ ಅಳಬೇಡಿ.

ಈಗ ಭಾವನ ಪ್ರಶ್ನೆಗೆ ಬರುತ್ತೇನೆ. ಕಪ್ಪು ಸ್ಟ್ರಾಂಗ್ ಬಿಯರ್‌ಗೆ ಎಷ್ಟಿದ್ದರೆ ಸರಿ?

ಎರಡು ಬಿಯರ್ ಪಕ್ಕಪಕ್ಕ ಇಟ್ಟರೆ ಉತ್ತರ ಸಿಗುತ್ತೆ. ಒಂದು ಆಂಡೆಕ್ಸ್‌ನದು. ಮಾಲ್ಟಿನ ಸಾರ 18.5, ಆಲ್ಕೋಹಾಲ್ 7.1. ಇನ್ನೊಂದು ಮ್ಯೂನಿಕ್ ಊರಿನೊಳಗಿನ ಪೌಲಾನರ್ ಸಾಲ್ವಾಟರ್. ಸಾರ 18.3, ಆಲ್ಕೋಹಾಲ್ 7.9. ಮಾಲ್ಟ್ ಹೆಚ್ಚೂಕಡಿಮೆ ಒಂದೇ, ನೋಡಿ. ಆದರೆ ಒಂದು ಕಡೆ ಯೀಸ್ಟ್ ಇನ್ನೂ ಸ್ವಲ್ಪ ಜಾಸ್ತಿ ತಿಂದಿದೆ. ಆ 0.8ರಲ್ಲೇ ಎಲ್ಲ ಇರೋದು. ಆಂಡೆಕ್ಸ್‌ನದು ಬಾಯಿ ತುಂಬುತ್ತೆ. ಮೊದಲು ಕ್ಯಾರಮೆಲ್, ಆಮೇಲೆ ಒಣ ದ್ರಾಕ್ಷಿ, ನುಂಗಿದ ಮೇಲೆ ಎದೆಯಲ್ಲಿ ಒಂಚೂರು ಬಿಸಿ. ಸಾಲ್ವಾಟರ್ ಇನ್ನೂ ತೆಳು, ಇನ್ನೂ ಚುರುಕು. ಅದರಲ್ಲಿ ಬಿಸಿ ಮೊದಲೇ ಮೂಗಿಗೆ ಬಡಿಯುತ್ತೆ, ಮಾಲ್ಟ್ ಹಿಂದೆ ನಿಂತುಬಿಡುತ್ತೆ. ಸಾಲ್ವಾಟರ್ ಕೆಟ್ಟದ್ದು ಅಂತಲ್ಲ. ಆದರೆ ಅರ್ಧ ಗ್ಲಾಸ್ ಆದಮೇಲೆ ನನಗೆ ಮಾಲ್ಟ್ ನೆನಪಿರಲ್ಲ, ಆಲ್ಕೋಹಾಲ್ ನೆನಪಿರುತ್ತೆ.

ಆಗುಸ್ಟಿನರ್‌ನ ಮ್ಯಾಕ್ಸಿಮೇಟರ್ 7.5. ಅಲ್ಲಿಗೆ ಸರಿ, ಅದೇ ಕೊನೆ ಗೆರೆ. ಕೆಳಗೆ ಐಯಿಂಗ್ ಊರಿನ ಸೆಲೆಬ್ರೇಟರ್ 6.7. ಅದು ತುಂಬಾ ಚೆಂದ, ಆದರೆ ಮಾರ್ಚ್ ಸಂಜೆಯ ಚಳಿಗೆ ಒಂದು ಕೈ ಕಡಿಮೆ ಅನಿಸುತ್ತೆ. ಮೇಲೆ ಹೋದರೆ ಷ್ನೈಡರ್‌ನವರ ಅವೆಂಟಿನಸ್, 8.2. ಅದು ಗೋಧಿಯದು, ದಾರಿಯೇ ಬೇರೆ. ಅದನ್ನು ಹೆಪ್ಪುಗಟ್ಟಿಸಿ ನೀರು ತೆಗೆದ ಐಸ್‌ಬಾಕ್ 12. ಆಸ್ಟ್ರಿಯಾದ ಸಾಮಿಕ್ಲಾಸ್ 14. ಇವೆಲ್ಲ ಒಂದು ಸಲ ಕುಡಿದು, "ನಾನೂ ಕುಡಿದಿದ್ದೀನಿ" ಅಂತ ಹೇಳಿಕೊಳ್ಳೋಕೆ ಚೆನ್ನ. ನನ್ನ ಲೆಕ್ಕ ಏಳರಿಂದ ಏಳೂವರೆ. ಒಂದೇ ಅಂಕಿ ಹೇಳು ಅಂದರೆ ಏಳೂಕಾಲು.

ಈ ಬಿಯರ್ ಹುಟ್ಟಿದ್ದೂ ಏರಿಸೋಕೆ ಅಲ್ಲ. ಪೌಲಾನರ್ ಸನ್ಯಾಸಿಗಳು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಏನೂ ಮುಟ್ಟದ ಕಟ್ಟುನಿಟ್ಟಿನ ಜನ. ಈಸ್ಟರ್‌ಗೆ ಮುಂಚಿನ ಉಪವಾಸದಲ್ಲಿ ಇನ್ನೂ ಬಿಗಿ. ಆದರೆ ಕುಡಿದರೆ ಉಪವಾಸ ಕೆಡಲ್ಲ ಅಂತ ಒಂದು ಮಾತಿತ್ತು. ಹಾಗಾಗಿ ಊಟದಷ್ಟೇ ಗಟ್ಟಿಯಾದ ಬಿಯರ್ ಮಾಡಿಕೊಂಡರು. ಏಕಾದಶಿ ದಿನ ನಮ್ಮಜ್ಜಿ ಉಪ್ಪಿಟ್ಟು, ಗೊಜ್ಜವಲಕ್ಕಿ, ಸಬ್ಬಕ್ಕಿ ಪಾಯಸ ಮಾಡಿ "ಇವತ್ತು ಒಪ್ಪತ್ತು" ಅಂತಿದ್ದರಲ್ಲ, ಅದೇ ಜಾಣತನ. ಈಗಲೂ ಆ ಉಪವಾಸದ ಕಾಲದಲ್ಲೇ ಮ್ಯೂನಿಕ್‌ನಲ್ಲಿ ಸ್ಟ್ರಾಂಗ್ ಬಿಯರ್ ಹಬ್ಬ. ಪೌಲಾನರ್‌ನವರ ಬಿಯರ್ ಹಾಲ್ ಇರುವ ನೊಕರ್‌ಬರ್ಗ್ ಗುಡ್ಡದಲ್ಲಿ ಮೊದಲ ಮಗ್ಗು ಬವೇರಿಯಾದ ಮುಖ್ಯಮಂತ್ರಿಗೆ. ಆಮೇಲೆ ಅವರನ್ನೂ ಉಳಿದ ರಾಜಕಾರಣಿಗಳನ್ನೂ ಎದುರಿಗೇ ಕೂರಿಸಿಕೊಂಡು ವೇದಿಕೆಯಿಂದ ಉಗಿಯುತ್ತಾರೆ, ಟಿವಿಯಲ್ಲಿ ಪೂರ್ತಿ ತೋರಿಸುತ್ತಾರೆ. ಅವರು ನಗಬೇಕು, ಬೇರೆ ದಾರಿಯಿಲ್ಲ. ವಿಧಾನಸೌಧದವರನ್ನು ಹೀಗೊಂದು ಸಂಜೆ ಕೂರಿಸಬೇಕು ಅಂತ ಪ್ರತಿ ವರ್ಷ ಅಂದುಕೊಳ್ಳುತ್ತೇನೆ.

ಸರಿ, ಭಾವನ ಕಡೆಯ ನ್ಯಾಯವನ್ನೂ ಹೇಳಲೇಬೇಕು. ಅದೇ ನೊಕರ್‌ಬರ್ಗ್‌ನಲ್ಲಿ ಸಾಲ್ವಾಟರ್ ಬರೋದು ಒಂದು ಲೀಟರಿನ ಕಲ್ಲುಮಗ್ಗಿನಲ್ಲಿ. ಒಂದು ಮಗ್ಗಿಗೆ 79 ಮಿಲಿ ಆಲ್ಕೋಹಾಲ್. ನಮ್ಮ 650 ಮಿಲಿ ಸ್ಟ್ರಾಂಗ್ ಬಾಟಲಿಯಲ್ಲಿ 8%ರ ಲೆಕ್ಕ ಹಿಡಿದರೂ 52. ರಾತ್ರಿ ಹತ್ತಕ್ಕೆ ಅಲ್ಲಿಂದ ಇಳಿದು ಬರುವವರ ನಡಿಗೆ ನೋಡಿದರೆ, ಇವರೆಲ್ಲ ಬರೀ ಮಾಲ್ಟ್ ರುಚಿಗೆ ಬಂದವರು ಅಂತ ನಂಬೋದು ಕಷ್ಟ.

ದುಡ್ಡಿನ ಮಾತೂ ಇದೆ. ಊರಲ್ಲಿ ಬಾಟಲಿಯ ಬೆಲೆಯಲ್ಲಿ ತೆರಿಗೆಯೇ ದೊಡ್ಡ ಪಾಲು. ಕೂಲಿ ಮುಗಿಸಿ, ಸ್ಟ್ಯಾಂಡಿಂಗ್ ಬಾರಲ್ಲಿ ನಿಂತು, ಕಾಂಗ್ರೆಸ್ ಕಡ್ಲೆಬೀಜ ನಂಚಿಕೊಂಡು ಕುಡಿಯುವವನು ಕೊಟ್ಟ ಕಾಸಿಗೆ ಏರಲಿ ಅಂದರೆ ತಪ್ಪೇನು? ಅವನಿಗೆ ಒಣ ದ್ರಾಕ್ಷಿಯ ವಾಸನೆಯ ಪಾಠ ಹೇಳೋಕೆ ನಾನ್ಯಾರು? ಮತ್ತೆ ಬಿಸಿಲು. ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ ಡಾಪಲ್‌ಬಾಕ್ ಮುಂದಿಟ್ಟರೆ ನಾನೂ ಕೈ ಮುಗಿಯುತ್ತೇನೆ.

ಬೆಲ್ಜಿಯಂ ಇನ್ನೊಂದು ತಲೆನೋವು. ಅಲ್ಲಿನ ಸನ್ಯಾಸಿಗಳ 'ರೋಶ್‌ಫೋರ್ 10' ಅನ್ನೋ ಹೆಸರಿನ ಬಿಯರ್ ಕೂಡ ಕಪ್ಪು, ಆದರೆ ಆಲ್ಕೋಹಾಲ್ 11.3. 'ವೆಸ್ಟ್‌ಫ್ಲೆಟರೆನ್ 12' ಅನ್ನೋ ಹೆಸರಿನದು 10.2. ಇವರು ಸಕ್ಕರೆ ಹಾಕುತ್ತಾರೆ. ಅದೂ ಬೇಕಂತಲೇ, ಮೈ ಭಾರವಾಗದಿರಲಿ ಅಂತ. ಅಂದರೆ ಸಕ್ಕರೆಯನ್ನು ಬೈದ ನನ್ನ ವಾದ ಇಲ್ಲಿ ಕುಂಟುತ್ತೆ. ಒಪ್ಪಿಕೊಳ್ಳೋಕೆ ಮನಸ್ಸಿಲ್ಲ, ಆದರೆ ರೋಶ್‌ಫೋರ್ ಚೆನ್ನಾಗಿದೆ, ತುಂಬಾನೇ ಚೆನ್ನಾಗಿದೆ. ಅದು 330 ಮಿಲಿ ಬಾಟಲಿ, ಒಂದು ಸಂಜೆಗೆ ಒಂದೇ ಸಾಕು. ಊಟದ ಜೊತೆ ಕುಡಿಯುವ ಅರ್ಧ ಲೀಟರ್ ಗ್ಲಾಸಿಗೆ ಮಾತ್ರ ನನ್ನ ಏಳೂಕಾಲೇ ಸರಿ ಅಂತ ಹಟ ಹಿಡಿಯುತ್ತೇನೆ.

ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಈಗ ಕಪ್ಪು ಸ್ಟೌಟ್ ಧಾರಾಳವಾಗಿ ಸಿಗುತ್ತೆ. ಊರಿಗೆ ಹೋದಾಗ ಕುಡಿದು ಖುಷಿಪಟ್ಟಿದ್ದೇನೆ. ಆದರೆ ಈ ಜಾತಿಯ ಗಟ್ಟಿ ಲಾಗರ್ ನನ್ನ ಕಣ್ಣಿಗೆ ಬಿದ್ದಿಲ್ಲ. ಕಾನೂನು ಅಡ್ಡ ಬರಲ್ಲ, ಎಂಟರೊಳಗೇ ಇದೆಯಲ್ಲ. ಅಡ್ಡ ಬರೋದು ಟ್ಯಾಂಕ್. ಗೋಧಿ ಬಿಯರ್ ಎರಡು ಮೂರು ವಾರಕ್ಕೆ ಮುಗಿದು ಟ್ಯಾಂಕ್ ಖಾಲಿಯಾಗುತ್ತೆ. ಡಾಪಲ್‌ಬಾಕ್ ತಿಂಗಳುಗಟ್ಟಲೆ ತಣ್ಣಗೆ ಮಲಗಬೇಕು. ಇಂದಿರಾನಗರದ ಬಾಡಿಗೆ ಕಟ್ಟಿಕೊಂಡು ಅಷ್ಟು ದಿನ ಟ್ಯಾಂಕ್ ಮಲಗಿಸೋಕೆ ಯಾವ ಮಾಲೀಕನಿಗೆ ಧೈರ್ಯ ಬರುತ್ತೆ? ಆದರೂ ಯಾರಾದರೂ ಸೆಪ್ಟೆಂಬರ್‌ನಲ್ಲಿ ಒಂದೇ ಒಂದು ಟ್ಯಾಂಕ್ ತುಂಬಿಸಿಟ್ಟರೆ ಡಿಸೆಂಬರ್ ಚಳಿಗೆ ಸರಿಯಾಗಿ ಇಳಿಯುತ್ತೆ. ನಾನು ರಜೆಗೆ ಬರೋದೂ ಆಗಲೇ.